ಪಾಲವಣಕರ ಬಾಳೂ ಮತ್ತು ೧೯೧೧ರ ಪರಾಭವ

ಪರದೇಶಕ್ಕೆ ಆಡಹೋದ ನಮ್ಮ ಕ್ರಿಕೆಟ್ ತಂಡವು ಹೀನಾಯವಾಗಿ ಸೋತಾಗ ನಮ್ಮ ಜನರ ಕೋಪವು ಎಲ್ಲೆ ಮೀರುವುದು ಹೊಸ ಸಂಗತಿಯಲ್ಲ. ೧೯೭೧ರಲ್ಲಿ ವೆಸ್ಟ್ ಇಂಡೀಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಗೆದ್ದು ಬಂದ ತಂಡದ ಗೌರವಾರ್ಥವಾಗಿ ಇಂದೂರಿನಲ್ಲಿ ಕಾಂಕ್ರೀಟಿನ ಬೃಹದಾಕಾರದ ದಾಂಡೊಂದನ್ನು ನಿಲ್ಲಿಸಲಾಯಿತು. ೧೯೭೪ರಲ್ಲಿ ಅದೇ ನಾಯಕರ ಕೈಕೆಳಗೆ ಹೋದ ತಂಡವು ಇಂಗ್ಲೆಂಡಿನಲ್ಲಿ ಮೂರು ಟೆಸ್ಟ್ ಪಂದ್ಯಗಳನ್ನೂ ಸೋತು, ಲಾರ್ಡ್ಸ್ ಮೈದಾನದಲ್ಲಿ ಕೇವಲ ೪೨ ರನ್ನುಗಳಿಗೆ ನೆಲಕಚ್ಚಿದಾಗ, ಆ ದಾಂಡಿಗೇ ಮಸಿ ಬಳಿಯಲಾಯಿತು. ಮುಂಬಯಿಯಲ್ಲಿ ನಾಯಕ ವಾಡೇಕರರ ಮನೆಯ ಮೇಲೆ ಕಲ್ಲುಗಳು ಬಿದ್ದವು. ಮೂರು ವರುಷಗಳ ಹಿಂದೆ ಹೂಮಾಲೆ ಹಿಡಿದಿದ್ದ ಜನರೇ ಅಂದು ಕಲ್ಲು ಹಿಡಿದರು.

ಅಭಿಮಾನವಿದ್ದಲ್ಲಿ ನಿರಾಶೆಯೂ ಇರುವುದು ಸಹಜ. ಸೋಲನ್ನು ಕಂಡು ಏನೂ ಅನ್ನಿಸದವನಿಗೆ ಗೆಲುವಿನಲ್ಲಿ ಪಾಲು ಕೇಳುವ ಅಧಿಕಾರವಾದರೂ ಎಲ್ಲಿಯದು? ಆದರೆ ಹನ್ನೊಂದು ಜನ ಆಟಗಾರರ ತಪ್ಪನ್ನು ಎಣಿಸುವ ನಾವು, ಆ ಹನ್ನೊಂದು ಜನರನ್ನು ಆರಿಸಿ, ಮುಂದಾಳನ್ನು ನೇಮಿಸಿ, ಕಳುಹಿಸಿಕೊಟ್ಟ ಸಮಾಜದ ತಪ್ಪನ್ನು ಎಣಿಸುವುದು ಅಪರೂಪ. ಭಾರತದ ಹೆಸರಿನಲ್ಲಿ ಹೊರಟ ಪ್ರಪ್ರಥಮ ತಂಡವು ೧೯೧೧ರಲ್ಲಿ ಇಂಗ್ಲೆಂಡಿನಲ್ಲಿ ಅನುಭವಿಸಿದ ಪರಾಭವವನ್ನೂ, ಆ ಪರಾಭವದಲ್ಲಿ ಕೀರ್ತಿವಂತರಾಗಿ ಹಿಂದಿರುಗಿದ ಪಾಲವಣಕರ ಬಾಳೂ ಅವರ ಚರಿತ್ರೆಯನ್ನೂ ಈ ಕಾರಣದಿಂದಲೇ ವಾಚಕರ ಮುಂದಿಡುತ್ತಿದ್ದೇವೆ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದು ಕನ್ನಡಿಗರು ಅವರನ್ನು ನೆನೆಯುವುದಕ್ಕೆ ಇನ್ನೊಂದು ಕಾರಣ.

ಪಾಲವಣಕರರ ಮನೆತನವು ಕೊಂಕಣದ ಕಡೆಯದು. ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚರ್ಮಕಾರ ಕುಲದಲ್ಲಿ, ೧೮೭೦ರ ದಶಕದ ನಡುಭಾಗದಲ್ಲಿ ಬಾಳೂ ಅವರ ಜನನವಾಯಿತು. ತಂದೆಯದು ಸೈನ್ಯದ ಚಾಕರಿ. ಮನೆಯವರು ಪುಣೆಗೆ ಬಂದ ಮೇಲೆ ಬಾಲಕನು ದಂಡಿನ ಸಿಪಾಯಿಗಳು ಬಿಸುಟ ಸಾಮಾನುಗಳಿಂದ ಆಟವನ್ನು ಕಲಿತನು. ಮುಂದೆ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಅಂಗಳ ಗುಡಿಸುವ, ರೂಲು ಎಳೆಯುವ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ ಮೂರು ರೂಪಾಯಿ. ೧೮೯೨ರ ಸುಮಾರಿಗೆ ಯುರೋಪಿಯನ್ನರ ಪುಣೆ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿ ಬಲೆ ಕಟ್ಟುವುದು, ಗೆರೆ ಎಳೆಯುವುದು, ನೆಲ ಹದಗೊಳಿಸುವುದರ ಜೊತೆಗೆ, ಅಭ್ಯಾಸಕ್ಕೆ ಬಂದ ದೊರೆಗಳಿಗೆ ಚೆಂಡು ಎಸೆಯುವ ಕೆಲಸವೂ ಅವರ ಪಾಲಿಗೆ ಬಂದಿತು. ಅವರಲ್ಲಿ ಶ್ರೇಷ್ಠ ದಾಂಡಿಗರಾದ ಗ್ರೇಗ್ ಎಂಬವರು ತಮ್ಮನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯುಂಟು. ಎಡಗೈಯಿಂದ ನಿಧಾನವಾಗಿ, ಎಸೆತದ ದೂರವನ್ನೂ ತಿರುವನ್ನೂ ಬದಲಿಸುತ್ತ ಚೆಂಡೆಸೆಯುವ ವಿದ್ಯೆಯು ಅವರಿಗೆ ಸಿದ್ಧಿಸಿದ್ದು ಈ ಕೂಲಿಯ ದುಡಿಮೆಯಲ್ಲಿಯೇ. ದಾಂಡು ಹಿಡಿಯುವ ಅವಕಾಶವನ್ನು ಮಾತ್ರ ಅಲ್ಲಿ ಅವರಿಗೆ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಹಾಗೆ ಸೋಲಿಸಬಲ್ಲ ಚೆಂಡೆಸೆತಗಾರನು ಊರಲ್ಲಿಯೇ ಇದ್ದನು. ಆದರೆ ಅವನ ಕುಲವು ಅಡ್ಡ ಬಂದಿತು. ಬಹಳ ವಾದವಿವಾದವಾಗಿ ಕೊನೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆದರೆ ಚಹದ ವೇಳೆಗೆ ಜೊತೆಗಾರರು ಒಳಗೆ ಕುಳಿತು ಪಿಂಗಾಣಿಯ ಬಟ್ಟಲುಗಳಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟದ ತಟ್ಟೆಯೂ ಬೇರೆ, ಸ್ಥಳವೂ ಬೇರೆ. ಅವರ ಎಸೆತದಿಂದ ಗೆಲುವುಗಳು ಬರತೊಡಗಿದ ಮೇಲೆ ನ್ಯಾಯಮೂರ್ತಿ ರಾನಡೆಯವರಂಥ ಸುಧಾರಕರು ಅವರಿಗೆ ಮಾಲೆ ಹಾಕಿ ಗೌರವಿಸಿದರು. ಆದರೆ ಸಭೆಯಲ್ಲಿ ಮಾಲೆ ಹಾಕಿಸಿಕೊಂಡವರೂ ಪಂದ್ಯದ ದಿನ ಕುಡಿಕೆಗಾಗಿ ಹೊರಗೇ ಕಾಯಬೇಕಾಗಿದ್ದ ಕಾಲವದು.

೧೮೯೬ರಲ್ಲಿ ಪ್ಲೇಗು ಕಾಣಿಸಿಕೊಂಡ ಕಾಲಕ್ಕೆ ಬಾಳೂ ಅವರು ಮುಂಬಯಿ ಸೇರಿದರು. ಅಲ್ಲಿಯ ಹಿಂದೂ ಜಿಮಖಾನೆಯಲ್ಲಿಯೂ ಮೊದಲು ವಿರೋಧ ಬಂದಿತು, ಮುಂದೆ ಪ್ರವೇಶ ದೊರೆಯಿತು. ಬಾಂಬೆ ಬರೋಡಾ ರೈಲ್ವೆಯ ತಂಡಕ್ಕೂ ಅವರು ಆಡಿದರು. ೧೯೦೬ರ ಫೆಬ್ರುವರಿಯಲ್ಲಿ ಹಿಂದೂಗಳ ತಂಡವು ಯುರೋಪಿಯನ್ನರ ತಂಡವನ್ನು ೧೦೯ ರನ್ನುಗಳಿಂದ ಸೋಲಿಸಿದಾಗ, ಎರಡು ಇನ್ನಿಂಗ್ಸುಗಳಲ್ಲಿ ಎಂಟು ವಿಕೆಟುಗಳನ್ನು ಕಿತ್ತವರು ಬಾಳೂ ಅವರು. ತಮ್ಮನಾದ ಶಿವರಾಮರೂ ಆ ತಂಡದಲ್ಲಿದ್ದರು. ಬಂಗಾಳದ ವಿಭಜನೆಯಾಗಿ, ಸ್ವದೇಶಿಯ ಕೂಗು ಎಲ್ಲೆಡೆ ಎದ್ದಿದ್ದ ದಿನಗಳವು. ಆಳುವವರನ್ನು ಅವರ ಆಟದಲ್ಲಿಯೇ ಸೋಲಿಸಿದರೆಂದು ಜನರು ಹಿಗ್ಗಿದರು.

೧೯೧೧ರಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಪಟ್ಟಾಭಿಷೇಕದ ಬೇಸಗೆಯಲ್ಲಿಯೇ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಕೂಡಿದ್ದ ಈ ತಂಡದಲ್ಲಿ ಮೈಸೂರು ಸೀಮೆಯ ಜಯರಾಮರೂ ಇದ್ದರು. ನಾಯಕತ್ವವು ಪಟಿಯಾಲದ ಮಹಾರಾಜ ಭೂಪೇಂದ್ರಸಿಂಹರಿಗೆ ಬಂದಿತು. ಆಗ ಅವರ ವಯಸ್ಸು ಹತ್ತೊಂಬತ್ತು. ಮೊದಲ ಕೆಲವು ಪಂದ್ಯಗಳಲ್ಲಿ ಆಡಿದ ಮಹಾರಾಜರು, ಪಟ್ಟಾಭಿಷೇಕದ ಸಮಾರಂಭಗಳು ಮತ್ತು ತಮ್ಮ ಅಸ್ವಸ್ಥತೆಯ ಕಾರಣ ತಂಡದಿಂದ ದೂರವಾದರು. ಉತ್ತಮ ದಾಂಡಿಗರಾದ ಮಿಸ್ತ್ರಿಯವರು ಮಹಾರಾಜರ ಆಪ್ತ ಅಧಿಕಾರಿ. ಲಾರ್ಡ್ಸಿನಲ್ಲಿ ೭೮ ರನ್ನು ಹೊಡೆದು ಭರವಸೆ ಹುಟ್ಟಿಸಿದ್ದ ಅವರೂ ಒಡೆಯರ ಸೇವೆಯ ನಿಮಿತ್ತ ತಂಡಕ್ಕೆ ಬಹುಮಟ್ಟಿಗೆ ದೊರೆಯದೆ ಹೋದರು. ಪರಿಚಯವಿಲ್ಲದ ಹವೆ, ಒದ್ದೆ ನೆಲ, ಬಿಡುವಿಲ್ಲದ ಪ್ರಯಾಣ, ಗಾಯಗಳು, ಎದುರಿಗೆ ಬಲಿಷ್ಠ ಕೌಂಟಿಗಳು. ಜೂನ್ ೧ರಂದು ಆಕ್ಸಫರ್ಡಿನಲ್ಲಿ ಆರಂಭವಾದ ಆಟದಲ್ಲಿ ಜುಲೈ ನಡುವಿನವರೆಗೆ ಒಂದು ಗೆಲುವೂ ಕಾಣಲಿಲ್ಲ. ಒಟ್ಟು ೨೩ ಪಂದ್ಯಗಳಲ್ಲಿ ೧೫ ಸೋಲು, ೬ ಗೆಲುವು, ೨ ಸಮ.

ಸೋಲಿನ ಮೇಲೆ ಸೋಲಿನ ತಂತಿವಾರ್ತೆಗಳನ್ನು ಓದುತ್ತಿದ್ದ ಇಲ್ಲಿಯ ಕ್ರೀಡಾಭಿಮಾನಿಗಳ ಉತ್ಸಾಹವು ಕುಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ನಾಯಕರೆಲ್ಲಿ, ಯಾರನ್ನೇಕೆ ಆರಿಸಿದರು, ಇಷ್ಟು ಕಠಿಣವಾದ ಪಂದ್ಯಗಳ ಪಟ್ಟಿಯನ್ನು ಒಪ್ಪಿದ್ದೇಕೆ ಎಂಬ ಪ್ರಶ್ನೆಗಳೆದ್ದವು. ಅವು ನ್ಯಾಯವಾದ ಪ್ರಶ್ನೆಗಳೇ. ಆದರೆ ಅದೇ ವಾರ್ತೆಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಬಾಳೂ ಅವರು ೧೦೩ ರನ್ನುಗಳಿಗೆ ೮ ವಿಕೆಟು ಪಡೆದರು. ಪಂದ್ಯವನ್ನು ಮಾತ್ರ ತಂಡವು ಸೋತಿತು. ಲೆಸ್ಟರಿನಲ್ಲಿ ಮೊದಲ ಜಯ ಬಂದಾಗ ಮತ್ತೆ ಅವರ ಎಸೆತವೇ ಮುಂದಿತ್ತು. ಅದರ ಬೆನ್ನಲ್ಲೇ ಸಾಮರಸೆಟ್ ಕೌಂಟಿಯನ್ನು ಒಂದೇ ವಿಕೆಟಿನಿಂದ ಗೆದ್ದ ರೋಮಾಂಚಕ ಪಂದ್ಯದಲ್ಲಿ ತಮ್ಮ ಶಿವರಾಮರು ಶತಕ ಹೊಡೆದರು. ಪ್ರವಾಸವು ಮುಗಿಯುವ ಹೊತ್ತಿಗೆ ಬಾಳೂ ಅವರ ಲೆಕ್ಕಕ್ಕೆ ೧೧೪ ವಿಕೆಟುಗಳು ಬಂದಿದ್ದವು. ಒಂದೊಂದಕ್ಕೆ ಕೊಟ್ಟ ರನ್ನು ಸರಾಸರಿ ಹತ್ತೊಂಬತ್ತಕ್ಕೂ ಕಡಿಮೆ. ಆಗ ಅವರ ವಯಸ್ಸು ಮೂವತ್ತೈದರ ಆಚೀಚೆ. ಗೆದ್ದ ತಂಡದಲ್ಲಿ ಇಷ್ಟು ಸಾಧಿಸುವುದೇ ದೊಡ್ಡದು. ದಿನವೂ ಸೋಲುತ್ತಿದ್ದ ತಂಡದಲ್ಲಿ, ಇನ್ನೊಬ್ಬರ ಆಸರೆಯಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಚೆಂಡೆಸೆದು ಸಾಧಿಸಿದ್ದು ಎಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಬಹುದು.

ಮುಂಬಯಿಗೆ ಮರಳಿದ ಅವರನ್ನು ಅಲ್ಲಿಯ ದಲಿತ ವರ್ಗದವರು ಸಭೆ ಕೂಡಿಸಿ ಸನ್ಮಾನಿಸಿದರು. ಮಾನಪತ್ರವನ್ನು ಅರ್ಪಿಸಿದವರು, ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ ಅಂಬೇಡ್ಕರರು. ದೇಶದ ತಂಡ ಸೋತಿತೆಂದು ಇತರರು ಮುಖ ಬಾಡಿಸಿಕೊಂಡಿದ್ದಾಗ, ಊರ ಬಾವಿಯ ನೀರಿಗೂ ಅಧಿಕಾರವಿಲ್ಲದಿದ್ದ ಜನರು ಅದೇ ಪ್ರವಾಸದಲ್ಲಿ ತಲೆಯೆತ್ತಿ ನಿಲ್ಲಲು ಕಾರಣವನ್ನು ಕಂಡರು. ಒಂದೇ ಸೋಲನ್ನು ಇಬ್ಬರೂ ಒಂದೇ ರೀತಿಯಿಂದ ಕಾಣಲಿಲ್ಲ.

ಇಷ್ಟಾದ ಮೇಲೆಯಾದರೂ ಹಿಂದೂಗಳ ತಂಡದ ನಾಯಕತ್ವವು ಬಾಳೂ ಅವರಿಗೆ ಬರಬೇಕಾಗಿತ್ತು. ಅನುಭವದಲ್ಲಿ ಅವರಿಗೆ ಸಮಾನರಿರಲಿಲ್ಲ, ಎದುರಾಳಿಯ ಮನಸ್ಸನ್ನು ಅವರಷ್ಟು ಬಲ್ಲವರೂ ವಿರಳ. ಆದರೂ ವರುಷ ವರುಷವೂ ಅದು ಬೇರೆಯವರಿಗೆ ಹೋಯಿತು. ೧೯೨೦ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕ ಪೈಯವರು ಅಸ್ವಸ್ಥರಾದಾಗ ಆ ಸ್ಥಾನವನ್ನು ಅರ್ಹರಾದ ತಮ್ಮ ವಿಠ್ಠಲರಿಗೆ ಕೊಡದೆ ದೇವಧರರಿಗೆ ಕೊಟ್ಟರು. ವಿಠ್ಠಲ, ಶಿವರಾಮರಿಬ್ಬರೂ ಇದು ಕುಲವನ್ನು ನೋಡಿ ಮಾಡಿದ ಅನ್ಯಾಯವೆಂದು ಬಹಿರಂಗವಾಗಿ ಸಾರಿ ಆಟದಿಂದ ಹಿಂದೆ ಸರಿದರು. ಅಸ್ಪೃಶ್ಯತೆಯನ್ನು ಅಳಿಸದೆ ಸ್ವರಾಜ್ಯವಿಲ್ಲವೆಂದು ಗಾಂಧೀಜಿಯವರು ಸಾರುತ್ತಿದ್ದ ಕಾಲವದು. ಜನಾಭಿಪ್ರಾಯವು ಸೋದರರ ಕಡೆಗೆ ತಿರುಗಿತು. ಅಂತಿಮ ಪಂದ್ಯಕ್ಕೆ ಬಾಳೂ ಅವರನ್ನು ಕರೆಸಿ ಉಪನಾಯಕರನ್ನಾಗಿ ಮಾಡಿದರು, ಸೋದರರೂ ಮರಳಿದರು. ಪೈಯವರು ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದಾಗ ಬಾಳೂ ಅವರು ತಂಡವನ್ನು ನಡೆಸಿದರು. ೧೯೨೩ರಲ್ಲಿ ವಿಠ್ಠಲರೇ ನಾಯಕರಾಗಿ, ಯುರೋಪಿಯನ್ನರನ್ನು ಸೋಲಿಸಿ ಗೆದ್ದರು. ಅಣ್ಣನಿಗೆ ದೊರೆಯದ ನ್ಯಾಯವು ತಮ್ಮನಿಗೆ ದೊರೆಯಿತು.

ಆಟವನ್ನು ಬಿಟ್ಟ ಮೇಲೆ ಬಾಳೂ ಅವರು ಸಾರ್ವಜನಿಕ ಜೀವನಕ್ಕೆ ಬಂದರು. ೧೯೩೨ರಲ್ಲಿ ಪ್ರತ್ಯೇಕ ಚುನಾಯಕ ಸಮುದಾಯದ ಪ್ರಶ್ನೆಯಲ್ಲಿ ಅವರು ಅಂಬೇಡ್ಕರರಿಂದ ಭಿನ್ನವಾದ ಪಕ್ಷವನ್ನು ಹಿಡಿದರು. ಆ ವರುಷದ ಪುಣೆ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸಿನ ಪಕ್ಷದಿಂದ ಅಂಬೇಡ್ಕರರಿಗೇ ಎದುರಾಳಿಯಾಗಿ ನಿಂತು, ೧೩,೨೪೫ಕ್ಕೆ ೧೧,೨೨೫ ಮತಗಳಿಂದ ಸೋತರು. ತಮಗೆ ಮಾನಪತ್ರ ಕೊಟ್ಟ ತರುಣನೇ ಮುಂದೆ ತಮ್ಮನ್ನು ಸೋಲಿಸಿದ್ದು ವಿಧಿಯ ವೈಚಿತ್ರ್ಯ. ಯಾರ ಮಾರ್ಗವು ಸರಿಯೆಂಬ ತೀರ್ಮಾನವು ಈ ಲೇಖನದ ವಿಷಯವಲ್ಲ. ಇಬ್ಬರೂ ಸಹಿಸಿದ ಅವಮಾನವು ಒಂದೇ ಬಗೆಯದು. ೧೯೫೫ರ ಜುಲೈಯಲ್ಲಿ ಮುಂಬಯಿಯಲ್ಲಿ ಬಾಳೂ ಅವರು ತೀರಿಕೊಂಡರು.

೧೯೧೧ರ ತಂಡವು ಸೋತದ್ದೇಕೆಂದು ಕೇಳಿದರೆ ಹವೆ, ನೆಲ, ಕೌಂಟಿಗಳ ಬಲ ಎಂದು ಹಲವು ಉತ್ತರಗಳನ್ನು ಕೊಡಬಹುದು. ಬಾಳೂ ಅವರು ನಾಯಕರಾಗಿದ್ದರೆ ಎಲ್ಲ ಪಂದ್ಯಗಳನ್ನೂ ಗೆಲ್ಲುತ್ತಿದ್ದರೆಂದು ನಾವು ಹೇಳುವುದಿಲ್ಲ; ಅದು ಅತಿಶಯೋಕ್ತಿಯಾದೀತು. ಆದರೆ ಕೆಲವೇ ದಿನ ಆಡುವವರಿಗೆ ಕುಲದ ಬಲದಿಂದ ಮುಂದಾಳುತನವನ್ನೂ, ಬೇಸಗೆಯುದ್ದಕ್ಕೂ ದುಡಿಯುವವನಿಗೆ ಕುಲದ ಕಾರಣದಿಂದಲೇ ಕೊನೆಯ ಸ್ಥಾನವನ್ನೂ ಕೊಡುವ ಸಮಾಜವು ತನ್ನ ಬಲದ ಅರ್ಧವನ್ನು ಮನೆಯಲ್ಲಿಯೇ ಬಿಟ್ಟು ಹೊರಟಂತೆ. ಆ ತಪ್ಪು ಮೈದಾನದಲ್ಲಿ ಆದದ್ದಲ್ಲ, ತಂಡವು ಹಡಗು ಹತ್ತುವ ಮೊದಲೇ ನಡೆದದ್ದು. ಅದನ್ನು ಮಾಡಿದವರು ಆಟಗಾರರಲ್ಲ, ನಾವು. ಇನ್ನೊಮ್ಮೆ ನಮ್ಮ ತಂಡವು ಸೋತು ಮರಳಿದಾಗ ಕಲ್ಲಿಗಾಗಿ ಕೈಚಾಚುವ ಮೊದಲು ಅಭಿಮಾನಿಗಳು ಇದನ್ನು ಯೋಚಿಸಲಿ. ಆಟಗಾರನ ತಪ್ಪನ್ನು ತಪ್ಪೆನ್ನಲು ಅವರಿಗೆ ಪೂರ್ಣ ಅಧಿಕಾರವುಂಟು. ಆದರೆ ಹೊರಗೆ ಕುಳಿತು ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿದು, ಮತ್ತೆ ಎದ್ದು ಹೋಗಿ ಅದೇ ತಂಡಕ್ಕಾಗಿ ಚೆಂಡೆಸೆದ ಧಾರವಾಡದ ಆ ಮನುಷ್ಯನನ್ನು ನೆನೆದರೆ, ಅವರ ಮಾತು ಸ್ವಲ್ಪ ಮೃದುವಾದೀತು, ಪ್ರಶ್ನೆಯು ಇನ್ನಷ್ಟು ಆಳವಾದೀತು ಎಂದು ನಾವು ನಂಬುತ್ತೇವೆ.