ಲೈಸೆನ್ಸ್‌ನಿಂದ ನಾಟಕ ಬಿಟ್ಟವರೇ ಲೈಸೆನ್ಸ್ ಬೇಕೆಂದರು!

ಲಂಡನ್‌ನಲ್ಲಿ ನಾಟಕ ಕಂಪನಿ ನಡೆಸುತ್ತಿದ್ದ ಹೆನ್ರಿ ಫೀಲ್ಡಿಂಗ್ (1707–1754) ಪ್ರಧಾನಿ ವಾಲ್‌ಪೋಲ್‌ರನ್ನು ರಂಗದ ಮೇಲೆ ಗೇಲಿ ಮಾಡ್ತಿದ್ದರು. 1737ರಲ್ಲಿ ಸರ್ಕಾರ ಕಾನೂನು ತಂತು: ಹೊಸ ನಾಟಕಕ್ಕೆ ಮೊದಲೇ ಅನುಮತಿ ಬೇಕು, ಲೈಸೆನ್ಸ್ ಇಲ್ಲದ ರಂಗಮಂದಿರ ಬಂದ್. ಫೀಲ್ಡಿಂಗ್ ಕಂಪನಿಗೂ ಬೀಗ ಬಿತ್ತು. ಹೆಂಡತಿ ಮಕ್ಕಳನ್ನು ಸಾಕಬೇಕಲ್ಲ, ಕಾನೂನು ಓದಿ ವಕೀಲರಾದರು. ಕಾದಂಬರಿಯಲ್ಲೂ ಹೆಸರು ಮಾಡಿದರು.

ಮುಂದೆ ಬೋ ಸ್ಟ್ರೀಟ್‌ನಲ್ಲಿ ಮ್ಯಾಜಿಸ್ಟ್ರೇಟ್ ಆದಾಗ ದಿನಾ ಕಳ್ಳತನದ ಕೇಸು. ದುಡಿಯುವ ಜನ ಮೋಜಿನ ಜಾಗಗಳಲ್ಲಿ ಹಣ ಕಳೆದು ಕಳ್ಳತನಕ್ಕೆ ಇಳೀತಾರೆ, ಇದಕ್ಕೆ ಕಡಿವಾಣ ಬೇಕು ಅಂತ 1751ರಲ್ಲಿ ಪುಸ್ತಕ ಬರೆದರು. ಮರುವರ್ಷವೇ ಕಾನೂನು ಬಂತು. ಲಂಡನ್ ಸುತ್ತ 20 ಮೈಲಿಯೊಳಗೆ ಸಂಗೀತ, ನೃತ್ಯದ ಜಾಗಕ್ಕೆ ಲೈಸೆನ್ಸ್ ಕಡ್ಡಾಯ. ಬಾಗಿಲ ಮೇಲೆ ಬೋರ್ಡ್ ಇರಬೇಕು, ಸಂಜೆ 5ಕ್ಕೆ ಮುಂಚೆ ತೆರೆಯುವಂತಿಲ್ಲ.

ಲೈಸೆನ್ಸ್ ಕೊಡುವವರು ಯಾರು? ಫೀಲ್ಡಿಂಗ್‌ರಂಥ ಮ್ಯಾಜಿಸ್ಟ್ರೇಟರೇ!