ಬಡ ರೈತರ ಸ್ನೇಹಿತನಾದ ರೈಫೈಸನ್

ಕಂಪಲಾಪುರದ ಸೀಮೆಯಲ್ಲಿ ಮುಂಗಾರಿನ ಮೊದಲನೆಯ ಹದವು ಬಿದ್ದ ಕೂಡಲೆ ರೈತನಿಗೆ ನೇಗಿಲಿಗಿಂತಲೂ ಮುಂಚಿತವಾಗಿ ಬೇಕಾಗುವದು ಹಣವೇ. ಹೊಗೆಸೊಪ್ಪಿನ ಸಸಿಗೆ, ಗೊಬ್ಬರಕ್ಕೆ, ಬ್ಯಾರನ್ನಿನ ಸೌದೆಗೆ, ಕೂಲಿಗೆ ಅವನು ಮುಂದಾಗಿ ಖರ್ಚುಮಾಡಬೇಕು. ಸೊಪ್ಪು ಬೆಂದು ಹದವಾಗಿ ಹರಾಜುಕಟ್ಟೆಗೆ ಹೋಗಿ ರೂಪಾಯಿ ಕೈಗೆ ಬರುವದಕ್ಕೆ ಹಲವು ತಿಂಗಳು ಕಾಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ರಾಗಿ ಭತ್ತಗಳನ್ನು ಬೆಳೆಯುವವರ ಪಾಡೂ ಇದೇ. ಬಿತ್ತನೆಗೂ ಕೊಯ್ಲಿಗೂ ನಡುವೆ ಇರುವ ಈ ಕಾಲದಲ್ಲಿಯೇ ಅನೇಕ ಮನೆಗಳು ಬಡ್ಡಿಯ ಬಲೆಗೆ ಬೀಳುತ್ತವೆ. ಈ ಕಷ್ಟವನ್ನು ಕಣ್ಣಾರೆ ಕಂಡು, ಅದಕ್ಕೆ ಮದ್ದನ್ನು ಹುಡುಕುವದರಲ್ಲಿ ತನ್ನ ಜೀವಮಾನವನ್ನು ಸವೆಸಿದ ಒಬ್ಬ ಮನುಷ್ಯನ ಚರಿತ್ರೆಯನ್ನು ನಾವು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ. ಆತನು ದೂರದೇಶದವನು, ಆದರೂ ನಮ್ಮ ಹಳ್ಳಿಗಳ ಸಾಲದ ಸಹಕಾರ ಸಂಘಗಳಿಗೆ ದಾರಿ ತೋರಿಸಿದವನು ಆತನೇ.

ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬಾತನು 1818ನೇ ಇಸವಿ ಮಾರ್ಚಿ 30ರಲ್ಲಿ ಜರ್ಮನಿ ದೇಶದ ಜೀಗ್ ಎಂಬ ಹೊಳೆಯ ದಡದಲ್ಲಿರುವ ಹಾಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಒಂಬತ್ತು ಮಂದಿ ಮಕ್ಕಳಲ್ಲಿ ಆತನು ಏಳನೆಯವನು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ದೊಡ್ಡ ಪಾಠಶಾಲೆಗೆ ಕಳುಹಿಸುವ ಶಕ್ತಿಯೂ ಇರಲಿಲ್ಲ. ಊರಿನ ಸಭಾಪಾಲಕನಾದ ಜೈಪಲ್ ಎಂಬಾತನು ಈ ಹುಡುಗನನ್ನು ಹತ್ತಿರ ಕೂಡ್ರಿಸಿಕೊಂಡು ಪಾಠ ಹೇಳಿದನು. ಹದಿನೇಳನೆಯ ವಯಸ್ಸಿನಲ್ಲಿ ಆತನು ಪ್ರಷ್ಯ ರಾಜ್ಯದ ಫಿರಂಗಿ ದಳಕ್ಕೆ ಸೇರಿದನು. ಆದರೆ ಕಣ್ಣಿನ ರೋಗವು ಹತ್ತಿದ್ದರಿಂದ 1843ರಲ್ಲಿ ಸೈನ್ಯವನ್ನು ಬಿಟ್ಟು ಸರಕಾರದ ಗುಮಾಸ್ತಿಕೆಗೆ ಬರಬೇಕಾಯಿತು. ಆ ರೋಗವು ಆತನನ್ನು ಕಡೆಯ ವರೆಗೂ ಬಿಡಲಿಲ್ಲ.

1845ರಲ್ಲಿ ಆತನಿಗೆ ವೈಯರ್‌ಬುಷ್ ಎಂಬ ಗುಡ್ಡಗಾಡಿನ ಗ್ರಾಮಗಳ ಅಧಿಕಾರವು ದೊರೆಯಿತು. ಮರುವರ್ಷವೇ ಪೈರು ಕೆಟ್ಟಿತು. ಆಲೂಗಡ್ಡೆಗೆ ಮೊದಲೇ ರೋಗವು ಬಿದ್ದಿತ್ತು. 1846-47ರ ಚಳಿಗಾಲದಲ್ಲಿ ಬಡವರು ಹಸಿವಿನಿಂದ ನರಳುತ್ತಿದ್ದರು. ಸರಕಾರವು ಹಿಟ್ಟನ್ನು ಕಳುಹಿಸಿತಾದರೂ, ನಗದು ಕೊಟ್ಟವರಿಗೆ ಮಾತ್ರ ಅಳೆಯಬೇಕೆಂದು ಆಜ್ಞೆಯಿತ್ತು. ನಗದು ಇದ್ದವರಿಗೆ ಹಸಿವಿರಲಿಲ್ಲ, ಹಸಿದವರಲ್ಲಿ ನಗದಿರಲಿಲ್ಲ. ರೈಫೈಸನನು ಆ ಆಜ್ಞೆಯನ್ನು ಬದಿಗಿಟ್ಟು ಹಿಟ್ಟನ್ನು ಸಾಲವಾಗಿ ಹಂಚಿಸಿದನು. ಊರಿನ ಅನುಕೂಲಸ್ಥರನ್ನು ಕೂಡಿಸಿ ಹಣವನ್ನೆತ್ತಿ, ಊರಿನದೇ ಒಂದು ರೊಟ್ಟಿಯ ಒಲೆಯನ್ನು ಕಟ್ಟಿಸಿ, ಪೇಟೆಗಿಂತ ಬಹಳ ಕಡಿಮೆ ಬೆಲೆಗೆ ರೊಟ್ಟಿಯನ್ನು ಕೊಡಿಸಿದನು. ಬಿತ್ತನೆಯ ಆಲೂಗಡ್ಡೆಯನ್ನೂ ಒಟ್ಟಾಗಿ ತರಿಸಿದನು. ರೈತರ ಪದಾರ್ಥಗಳು ರೈನ್ ನದಿಯ ತೀರದ ಪೇಟೆಗೆ ಮುಟ್ಟುವಂತೆ ಹಾದಿಯನ್ನು ಕಟ್ಟಿಸುವದಕ್ಕೂ, ಮಕ್ಕಳಿಗೆ ಶಾಲೆಯನ್ನು ಕಟ್ಟಿಸುವದಕ್ಕೂ ಶ್ರಮಪಟ್ಟನು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾದಾಗ ಆತನು ಮತ್ತೊಂದು ಕೇಡನ್ನು ಕಂಡನು. ದನದ ವ್ಯಾಪಾರಿಗಳು ಬಡವನ ಕೊಟ್ಟಿಗೆಯಲ್ಲಿ ಒಂದು ಹಸುವನ್ನು ಕಟ್ಟಿಹೋಗುವರು. ಹುಲ್ಲು ಹಾಕುವವನು ಬಡವನು, ಒಡೆತನವು ವ್ಯಾಪಾರಿಯದು. ಕಂತು ತಪ್ಪಿದರೆ ಹಸುವೂ ಹೋಗುವದು, ಕೊಟ್ಟ ಹಣವೂ ಹೋಗುವದು. ಕಡೆಗೆ ಹೊಲವೂ ಹೋಗುವದು. ಇದನ್ನು ತಡೆಯುವದಕ್ಕಾಗಿ 1849ರಲ್ಲಿ ಅರುವತ್ತು ಮಂದಿ ಅನುಕೂಲಸ್ಥರು ಒಟ್ಟಾಗಿ ಜಾಮೀನು ನಿಲ್ಲುವಂತೆ ಆತನು ಒಂದು ಸಂಘವನ್ನು ಮಾಡಿದನು. ಸಂಘವು ಹಸುವನ್ನು ಕೊಂಡು ರೈತನಿಗೆ ಕೊಡುವದು. ಅವನು ಐದು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ತೀರಿಸುವನು. 1852ರಲ್ಲಿ ನಾಯ್‌ವೀಡ್ ಪಟ್ಟಣದ ಬಳಿಯಲ್ಲಿರುವ ಹೆಡ್ಡೆಸ್‌ಡೋರ್ಫಿಗೆ ಬಂದ ಮೇಲೆ, 1854ರಲ್ಲಿ ಇನ್ನೂ ವಿಸ್ತಾರವಾದ ಒಂದು ಧರ್ಮಸಂಘವನ್ನು ಸ್ಥಾಪಿಸಿ, ಸಾಲದ ಸಂಗಡ ದಿಕ್ಕಿಲ್ಲದ ಮಕ್ಕಳ ಪೋಷಣೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ ಮುಂತಾದವುಗಳನ್ನೂ ಕೈಕೊಂಡನು.

ಇಲ್ಲಿಯ ವರೆಗಿನ ಸಂಗತಿಯನ್ನು ಕೇಳಿದರೆ, ಉಪಕಾರಬುದ್ಧಿಯುಳ್ಳ ಒಬ್ಬ ಒಳ್ಳೇ ಅಧಿಕಾರಿಯ ಕಥೆಯೆಂದು ತೋರಬಹುದು. ಆದರೆ ಆತನ ಜೀವಿತದ ನಿಜವಾದ ತಿರುವು ಮುಂದೆ ಇತ್ತು. ವರ್ಷಗಳು ಹೋದ ಹಾಗೆ ಐಶ್ವರ್ಯವಂತರ ಉತ್ಸಾಹವು ಆರುತ್ತಾ ಬಂತು. ತಮಗೆ ಸಾಲವು ಬೇಡವಾಗಿರುವಾಗ ಇತರರ ಸಾಲಕ್ಕೆ ತಮ್ಮ ಆಸ್ತಿಯನ್ನು ಒಡ್ಡಿ ನಿಲ್ಲುವದು ಅವರಿಗೆ ಭಾರವಾಯಿತು. ಸಂಘದ ಬೇರೆ ಕೆಲಸಗಳು ಒಂದೊಂದಾಗಿ ನಿಂತುಹೋದವು. ಧರ್ಮದ ಮೇಲೆಯೇ ಸಂಘವನ್ನು ನಿಲ್ಲಿಸಬೇಕೆಂದು ಆತನಿಗೆ ಬಹಳ ಆಶೆಯಿತ್ತು. ಅದು ನಿಲ್ಲುವದಿಲ್ಲವೆಂದು ಒಪ್ಪಿಕೊಳ್ಳುವದು ಆತನಿಗೆ ಸುಲಭವಾಗಿರಲಿಲ್ಲ. ಆದರೂ ಒಪ್ಪಿಕೊಂಡನು. 1864ರಲ್ಲಿ ಹೆಡ್ಡೆಸ್‌ಡೋರ್ಫಿನ ಧರ್ಮಸಂಘವನ್ನು ಸಾಲದ ಸಂಘವಾಗಿ ಮಾರ್ಪಡಿಸಿದನು. ಅಂದಿನಿಂದ ಸಾಲ ಬೇಕಾದವನೇ ಸಂಘದ ಸದಸ್ಯನಾಗಬೇಕಾಯಿತು. ಕೇಳುವವನೂ ಕೊಡುವವನೂ ಒಂದೇ ಚಾಪೆಯ ಮೇಲೆ ಕೂತರು.

ಈ ಸಂಘದ ಕಟ್ಟಳೆಗಳನ್ನು ನಮ್ಮ ವಾಚಕರು ಚೆನ್ನಾಗಿ ಗ್ರಹಿಸಿಕೊಳ್ಳಬೇಕು. ಒಂದು ಸಂಘಕ್ಕೆ ಒಂದೇ ಊರು, ಇಲ್ಲವೆ ಒಂದು ಸಭೆಯ ಮೇರೆಯೊಳಗಿನ ಊರುಗಳು. ಯಾಕಂದರೆ ಯಾವನು ದುಡಿಯುವವನು, ಯಾವನು ಕುಡಿಯುವವನು ಎಂಬದು ನೆರೆಯವನಿಗೆ ಗೊತ್ತು, ದೂರದ ಸಾಹುಕಾರನಿಗೆ ಗೊತ್ತಿಲ್ಲ. ಎಲ್ಲರ ಸಾಲಕ್ಕೂ ಎಲ್ಲರೂ ತಮ್ಮ ಸರ್ವಸ್ವದಿಂದ ಹೊಣೆ. ಆದದರಿಂದ ಯಾರೂ ಕಣ್ಣುಮುಚ್ಚಿ ಸಾಲ ಮಂಜೂರುಮಾಡರು, ಮತ್ತು ಹೊರಗಿನವರು ನಂಬಿ ಠೇವಣಿ ಇಡುವರು. ಸಾಲವು ಗೇಯ್ಮೆಗೆ ಸಲ್ಲಬೇಕು. ಹೊಲವು ತಾನೇ ತೀರಿಸುವಷ್ಟು ಅವಧಿಯನ್ನು ಕೊಡಬೇಕು. ಲೆಕ್ಕ ಬರೆಯುವವನ ಹೊರತು ಮತ್ತಾರಿಗೂ ಸಂಬಳವಿಲ್ಲ. ಲಾಭವನ್ನು ಹಂಚಿಕೊಳ್ಳದೆ, ಎಂದಿಗೂ ಒಡೆಯದ ನಿಧಿಯಾಗಿ ಕೂಡಿಡಬೇಕು. ಹೀಗೆ ಒಬ್ಬೊಬ್ಬನಾಗಿ ನಿಂತರೆ ಬೆಲೆಯಿಲ್ಲದ ಬಡವನ ಮಾತು, ಹಲವರು ಕೂಡಿ ನಿಂತಾಗ ಅಡವಿಗೆ ಸಮಾನವಾಯಿತು.

ಆ ವರ್ಷಗಳಲ್ಲಿ ಆತನ ಮನೆಯಲ್ಲಿ ಕತ್ತಲೆಯೇ ಇತ್ತು. 1863ರಲ್ಲಿ ಹೆಂಡತಿಯಾದ ಎಮಿಲಿಯೆಯು ತೀರಿಹೋದಳು. ದೃಷ್ಟಿಯು ಬಹಳವಾಗಿ ಕುಂದಿದ್ದರಿಂದ 1865ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಕೆಲಸವನ್ನು ಬಿಡಬೇಕಾಯಿತು. ಪಿಂಚಣಿಯು ಸಾಲದೆ ದ್ರಾಕ್ಷಾರಸದ ವ್ಯಾಪಾರದಿಂದ ಜೀವನ ಸಾಗಿಸಿದನು. ಹಿರಿಯ ಮಗಳಾದ ಅಮಾಲಿಯೆಯು ತಂದೆಗೆ ಕಣ್ಣಾಗಿ, ಬಂದ ಕಾಗದಗಳನ್ನು ಓದಿಹೇಳಿ, ಆತನು ಹೇಳಿದ್ದನ್ನು ಬರೆಯುತ್ತಿದ್ದಳು. 1866ರಲ್ಲಿ ಸಾಲದ ಸಂಘಗಳನ್ನು ಕುರಿತ ಆತನ ಪುಸ್ತಕವು ಅಚ್ಚಾಯಿತು. ಸಂಘವನ್ನು ಹೇಗೆ ಕೂಡಿಸಬೇಕು, ಲೆಕ್ಕವನ್ನು ಹೇಗೆ ಇಡಬೇಕು ಎಂಬದನ್ನು ಸಾಮಾನ್ಯ ರೈತರು ಅದರಿಂದ ಕಲಿತರು. ಹಣವನ್ನು ಕೊಟ್ಟು ನಡಿಸುವ ತಿಳುವಳಿಕೆಯನ್ನು ಕೊಡದಿದ್ದರೆ ಪ್ರಯೋಜನವಿಲ್ಲವೆಂದು ಆತನು ಬಲ್ಲವನಾಗಿದ್ದನು. ಒಂದು ಊರಿನಲ್ಲಿ ಬೆಳೆ ಕೆಟ್ಟಾಗ ಮತ್ತೊಂದು ಊರಿನ ಉಳಿತಾಯವು ಅಲ್ಲಿಗೆ ಹರಿಯುವಂತೆ 1872ರಿಂದ ಮೇಲ್ಸಂಘಗಳನ್ನೂ ಏರ್ಪಡಿಸಿದನು.

ಆತನಲ್ಲಿದ್ದ ಕುಂದನ್ನು ನಾವು ಮುಚ್ಚಿಡುವದಿಲ್ಲ. ವೃದ್ಧಾಪ್ಯದಲ್ಲಿ ಆತನು ಬಡ್ಡಿಯ ಕೇಡನ್ನು ಯೆಹೂದ್ಯರ ಮೇಲೆ ಹೊರಿಸಿ ಬರೆದದ್ದುಂಟು. ಲೋಭಕ್ಕೆ ಜಾತಿಯಿಲ್ಲ, ಒಂದು ಜನಾಂಗವನ್ನೇ ದೂರಿದ ಆ ಮಾತುಗಳು ನೆರೆಯವನ ಪ್ರೀತಿಗಾಗಿ ಬಾಳಿದವನಿಗೆ ತಕ್ಕವಲ್ಲ.

1888ನೇ ಇಸವಿ ಮಾರ್ಚಿ 11ರಲ್ಲಿ, ಎಪ್ಪತ್ತು ತುಂಬುವದಕ್ಕೆ ಕೆಲವೇ ದಿನಗಳಿರುವಾಗ, ಆತನು ಹೆಡ್ಡೆಸ್‌ಡೋರ್ಫಿನಲ್ಲಿ ತೀರಿಕೊಂಡನು. ಆಗ ಜರ್ಮನಿಯಲ್ಲಿ ಆತನ ಮಾದರಿಯ ಸಂಘಗಳು ನಾನೂರಕ್ಕೂ ಮೇಲ್ಪಟ್ಟು ಇದ್ದವು.

ಈ ಬೀಜವು ನಮ್ಮ ದೇಶಕ್ಕೆ ಬಂದ ಬಗೆಯನ್ನೂ ಹೇಳಬೇಕು. ಮದ್ರಾಸಿನ ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ರೈತಸಾಲದ ಏರ್ಪಾಡುಗಳನ್ನು ಪರೀಕ್ಷಿಸುವದಕ್ಕೆ ನೇಮಿಸಿತ್ತು. 1895ರಲ್ಲಿಯೂ 1897ರಲ್ಲಿಯೂ ಹೊರಟ ಆತನ ವರದಿಯ ಸಾರವೇನಂದರೆ, ಈ ದೇಶಕ್ಕೆ ಬೇಕಾದದ್ದು ರೈಫೈಸನನಂಥ ಮನುಷ್ಯನೇ ಎಂಬದು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆಯು ಹುಟ್ಟಿತು. 1905ನೇ ಇಸವಿಯಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿಸಾಲದ ಸಂಘವು ನೋಂದಣಿಯಾಯಿತು. ಆ ಕಾಯಿದೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಇಂಥ ಸಂಘಗಳಲ್ಲಿ ಅದೇ ಮೊದಲನೆಯದೆಂದು ಎಣಿಸುತ್ತಾರೆ. ಅದೇ ವರ್ಷದಲ್ಲಿ ಮೈಸೂರು ಸಂಸ್ಥಾನವೂ ತನ್ನ ಕಾಯಿದೆಯನ್ನು ಮಾಡಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದ ಸಾಕ್ಷಿಯುಂಟು. ಟಿಬೆಟಿನಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಹೆಗ್ಗಡದೇವನಕೋಟೆ ಮೊದಲಾದ ಕಡೆಗಳ ಬಡವರ ನಡುವೆ ಕೆಲಸಮಾಡಿತು. ಅದು ಏರ್ಪಡಿಸಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಹೊತ್ತಿಗೆ ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಜನರು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿ, ಸಾಲವನ್ನು ತೀರಿಸುವದಕ್ಕೆ ಮುಂದೆ ಬಂದರು. ಇಂದಿನ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಇದೂ ಒಂದು. ನೂರು ವರ್ಷಗಳಿಗೂ ಹಿಂದೆ ರೈಫೈಸನನು ಕಂಡುಕೊಂಡ ಸತ್ಯವನ್ನೇ ನಮ್ಮ ಬಡ ರೈತರು ಪುಸ್ತಕವಿಲ್ಲದೆ ಕಂಡುಕೊಂಡರು.

ಪ್ರಿಯ ವಾಚಕರೇ, ನಿಮ್ಮೂರಿನಲ್ಲಿಯೂ ಸಂಘವಿರಬಹುದು. ಆದರೆ ಲೆಕ್ಕದ ಪುಸ್ತಕವನ್ನು ಯಾರೂ ಕೇಳದಿದ್ದರೆ, ಗೇಯ್ಮೆಗಾಗಿ ತಂದ ಸಾಲವು ಮದುವೆಯ ಚಪ್ಪರಕ್ಕೆ ಹೋದರೆ, ಅಧ್ಯಕ್ಷನ ನೆಂಟರಿಗೆ ಮೊದಲು ಕೈ ನೀಡಿದರೆ, ಸಂಘದ ಹೆಸರು ಗೋಡೆಯ ಮೇಲೆ ಮಾತ್ರ ಉಳಿಯುವದು. ಆದದರಿಂದ ವಾರ್ಷಿಕ ಸಭೆಗೆ ತಪ್ಪದೆ ಹೋಗಿರಿ. ಲೆಕ್ಕವನ್ನು ಓದಿಸಿ ಕೇಳಿರಿ. ಮಕ್ಕಳಿಗೆ ಲೆಕ್ಕ ಬರೆಯುವದನ್ನು ಕಲಿಸಿರಿ. ನೆರೆಯವನಿಗೆ ಜಾಮೀನು ನಿಲ್ಲುವ ಮುಂಚೆ ಅವನ ಹೊಲವನ್ನು ನೋಡಿಬನ್ನಿರಿ, ನಿಂತ ಮೇಲೆ ಅವನ ಕಷ್ಟದಲ್ಲಿ ಕೈಬಿಡಬೇಡಿರಿ. ನಿಮ್ಮ ಕಂತನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ನೀವು ತೀರಿಸಿದ ಹಣವೇ ಮುಂದಿನ ಮುಂಗಾರಿನಲ್ಲಿ ಮತ್ತೊಬ್ಬ ಬಡವನ ಬಿತ್ತನೆಯ ಬೀಜವಾಗುವದು.