ಪಾಠ ಹೇಳುತ್ತಲೇ ಪಾಠ ಕಲಿತ ಪಂಡಿತ ಮಧುಸೂದನ ಗುಪ್ತರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ, ವಿದ್ಯಾರ್ಥಿಗಳಿಗೆ ದಾರಿದೀಪವಾಗುವಂತಹ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸು ಬಂಗಾಳದ ಪಂಡಿತ ಮಧುಸೂದನ ಗುಪ್ತರತ್ತ ಹರಿಯಿತು. ಗದ್ವಾಲಿನ ಕನ್ನಡ ಶಾಲೆಗೂ ಕಲ್ಕತ್ತೆಯ ಪಂಡಿತರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಅದಕ್ಕೊಂದು ಕಾರಣವಿದೆ.

ಅನೇಕ ವರ್ಷಗಳ ಹಿಂದೆ, ಕನ್ನಡ ಮಾಧ್ಯಮದಲ್ಲಿ ಓದಿ ನನ್ನ ಕೈಕೆಳಗೆ ಬೆಳೆದ ಹುಡುಗನೊಬ್ಬ ವೈದ್ಯಕೀಯ ಕಾಲೇಜಿಗೆ ಸೇರಿದ. ತಿಂಗಳೊಳಗೇ ಊರಿಗೆ ಮರಳಿ ನನ್ನ ಮನೆಗೆ ಬಂದ. ಶವದ ಮುಂದೆ ನಿಂತರೆ ಕೈ ನಡುಗುತ್ತದೆ, ಊಟ ಸೇರುವುದಿಲ್ಲ, ಇಂಗ್ಲಿಷಿನ ಹೆಸರುಗಳು ತಲೆಗೆ ಹತ್ತುವುದಿಲ್ಲ, ಮನೆಯ ಹಿರಿಯರಿಗೂ ಈ ವಿದ್ಯೆ ಒಗ್ಗುತ್ತಿಲ್ಲ ಎಂದು ಕಣ್ಣೀರು ತಂದುಕೊಂಡ. ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಧೈರ್ಯದ ನಾಲ್ಕು ಮಾತು ಹೇಳಿ ಕಳುಹಿಸಿದೆ. ಅವನು ಮತ್ತೆ ಆ ಕಾಲೇಜಿಗೆ ಹೋಗಲೇ ಇಲ್ಲ. ಮಧುಸೂದನ ಗುಪ್ತರ ಚರಿತ್ರೆಯನ್ನು ನಾನು ಓದಿದ್ದು ಆಮೇಲೆ. ಅಂದು ಆ ಹುಡುಗನಿಗೆ ಹೇಳಬೇಕಾಗಿದ್ದುದು ಇದೇ ಎಂದು ಅನ್ನಿಸಿತು. ತಡವಾದರೂ ಇಂದು ಇಲ್ಲಿ ಹೇಳುತ್ತಿದ್ದೇನೆ.

ಮಧುಸೂದನರು ಹುಟ್ಟಿದ್ದು 1800ರಲ್ಲಿ, ಹೂಗ್ಲಿ ಜಿಲ್ಲೆಯ ಬೈದ್ಯಬಾಟಿಯಲ್ಲಿ. ಅವರದು ವಂಶಪರಂಪರೆಯಾಗಿ ಆಯುರ್ವೇದ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದ ವೈದ್ಯ ಜಾತಿಯ ಕುಟುಂಬ. ಬಾಲ್ಯದಲ್ಲಿ ಓದಿನ ಕಡೆಗೆ ಲಕ್ಷ್ಯವಿಲ್ಲದೆ, ತಂದೆಯವರ ಕೋಪಕ್ಕೆ ಗುರಿಯಾಗಿ ಮನೆಯನ್ನು ಬಿಟ್ಟರೆಂದು ಹೇಳುತ್ತಾರೆ. ಮುಂದೆ ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ವೈದ್ಯಕ ತರಗತಿ ಆರಂಭವಾದಾಗ ಅದರಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಅವರ ವ್ಯಾಸಂಗ ಎಷ್ಟು ಚುರುಕಾಗಿತ್ತೆಂದರೆ, 1830ರಲ್ಲಿ ಅದೇ ತರಗತಿಗೆ ಅವರನ್ನೇ ಅಧ್ಯಾಪಕರನ್ನಾಗಿ ನೇಮಿಸಲಾಯಿತು. ನಿನ್ನೆಯವರೆಗೆ ಜೊತೆಯಲ್ಲಿ ಕುಳಿತವನು ಇಂದು ಗುರುಪೀಠದಲ್ಲಿ ಕುಳಿತನಲ್ಲ ಎಂದು ಸಹಪಾಠಿಗಳು ಮುನಿಸಿಕೊಂಡರಂತೆ.

ಆ ತರಗತಿಯಲ್ಲಿ ಚರಕ, ಸುಶ್ರುತರ ಗ್ರಂಥಗಳೊಡನೆ ಪಾಶ್ಚಾತ್ಯ ವೈದ್ಯಕದ ಮೂಲಪಾಠಗಳೂ ನಡೆಯುತ್ತಿದ್ದವು. ವೈದ್ಯನಾಗಬಯಸುವವನು ಮನುಷ್ಯದೇಹವನ್ನು ಕಣ್ಣಾರೆ ಕಂಡು ತಿಳಿಯಬೇಕೆಂದು ಸುಶ್ರುತಾಚಾರ್ಯರು ವಿಧಿಸಿದ್ದಾರೆ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆಮೇಲೆ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದ ಪದರದಿಂದ ಒಳಗಿನ ಅವಯವಗಳವರೆಗೆ ಪರೀಕ್ಷಿಸುವ ವಿಧಾನವನ್ನೂ ಅವರು ಹೇಳಿದ್ದಾರೆ. ಆದರೆ ಶತಮಾನಗಳು ಉರುಳಿದಂತೆ ಆ ವಿಧಿ ಗ್ರಂಥದಲ್ಲಿಯೇ ಉಳಿದು, ಆಚರಣೆಯಿಂದ ಮರೆಯಾಗಿತ್ತು. ಚರಕಸಂಹಿತೆ ಎಲುಬುಗಳನ್ನು 360 ಎಂದು ಎಣಿಸಿದರೆ ಸುಶ್ರುತಸಂಹಿತೆ 300 ಎಂದು ಎಣಿಸಿತು. ಪ್ರಾಯದ ಮನುಷ್ಯನಲ್ಲಿ ಇರುವ ಎಲುಬುಗಳು 206 ಎಂದು ಇಂದಿನ ಶಾಸ್ತ್ರ ಎಣಿಸುತ್ತದೆ. ಎಣಿಕೆಯ ರೀತಿ ಬೇರೆಯಾದುದರಿಂದ ಅಂಕಿಗಳೂ ಬೇರೆಯಾಗಿವೆ ನಿಜ. ಆದರೂ ದೇಹವನ್ನು ತೆರೆದು ನೋಡದೆ ಯಾವ ಎಣಿಕೆಯನ್ನೂ ಒರೆಗೆ ಹಚ್ಚುವಂತಿರಲಿಲ್ಲ. ಯೂರೋಪಿನಲ್ಲಿಯೂ ಇದೇ ಕಥೆ ನಡೆದಿತ್ತು. ಸಾವಿರಕ್ಕೂ ಹೆಚ್ಚು ವರ್ಷ ಗ್ಯಾಲೆನನ ಮಾತೇ ವೇದವಾಗಿದ್ದು, ವೆಸೇಲಿಯಸನು ಸ್ವತಃ ಶವಗಳನ್ನು ಛೇದಿಸಿ 1543ರಲ್ಲಿ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ಅದರಲ್ಲಿನ ತಪ್ಪುಗಳು ಬೆಳಕಿಗೆ ಬಂದವು.

1835ರ ಜನವರಿಯಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಸಂಸ್ಕೃತ ಕಾಲೇಜಿನ ವೈದ್ಯಕ ತರಗತಿಯನ್ನು ಮುಚ್ಚಿಸಿ, ಇಂಗ್ಲಿಷ್ ಮಾಧ್ಯಮದ ಕಲ್ಕತ್ತಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸುವ ಆಜ್ಞೆ ಹೊರಡಿಸಿದರು. ಮಧುಸೂದನರನ್ನು ಹೊಸ ಕಾಲೇಜಿಗೆ ದೇಶೀಯ ಅಧ್ಯಾಪಕರಾಗಿ ವರ್ಗಾಯಿಸಲಾಯಿತು. ಅಲ್ಲಿ ಸುಮಾರು 50 ಮಂದಿ ತರುಣರು ವಿದ್ಯಾರ್ಥಿಗಳಾಗಿ ಆಯ್ಕೆಯಾಗಿದ್ದರು. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು ಡಾ. ಹೆನ್ರಿ ಗುಡೀವ್. ಮೊದಮೊದಲು ಪ್ರಾಣಿಗಳ ಅವಯವಗಳನ್ನೂ ಮಾದರಿಗಳನ್ನೂ ತೋರಿಸಿ ಪಾಠ ನಡೆಯಿತು. ಆದರೆ ಮನುಷ್ಯನ ಶವವನ್ನು ಮುಟ್ಟುವವರು ಯಾರು?

ವಿದ್ವದ್ಗದ್ವಾಲವೆಂದು ಹೆಸರು ಪಡೆದ ನಮ್ಮ ಊರಿನವರಿಗೆ, ಸಂಸ್ಕೃತ ಪಂಡಿತರ ಮನೆಗಳ ಮಡಿ ಮೈಲಿಗೆಗಳನ್ನು ನಾನು ವಿವರಿಸಬೇಕಾಗಿಲ್ಲ. ಬಂಧುವಿನ ಶವವನ್ನು ಮುಟ್ಟಿದರೂ ಸ್ನಾನ ಮಾಡಬೇಕು. ಹಾಗಿರುವಾಗ ಕುಲಗೋತ್ರ ತಿಳಿಯದ ಶವವನ್ನು ಕತ್ತಿಯಿಂದ ಛೇದಿಸಿದವನಿಗೆ ಜಾತಿಯಲ್ಲಿ ಸ್ಥಾನವೆಲ್ಲಿ? ಮಧುಸೂದನರಿಗೆ ಇದೆಲ್ಲ ತಿಳಿಯದ ಸಂಗತಿಯಾಗಿರಲಿಲ್ಲ. ಆಗ ಅವರ ವಯಸ್ಸು ಮೂವತ್ತು ಮೀರಿತ್ತು, ಪಂಡಿತರೆಂಬ ಕೀರ್ತಿಯಿತ್ತು, ಕಳೆದುಕೊಳ್ಳುವುದು ಬಹಳವಿತ್ತು.

1836ರಲ್ಲಿ ಆ ದಿನ ಬಂದಿತು. ಕಾಲೇಜಿನ ಆವರಣದ ಹೊರಕೋಣೆಯೊಂದರಲ್ಲಿ ಶವವನ್ನು ಸಿದ್ಧಪಡಿಸಲಾಗಿತ್ತು. ಮಧುಸೂದನರು ಡಾ. ಗುಡೀವರ ಹಿಂದೆಯೇ ಒಳಗೆ ನಡೆದರು. ಉಳಿದ ವಿದ್ಯಾರ್ಥಿಗಳು ಭಯ ಕುತೂಹಲಗಳಿಂದ ಬಾಗಿಲ ಬಳಿ ಗುಂಪುಗೂಡಿ, ಕಿಟಕಿಯ ಸಂದುಗಳಿಂದ ಇಣುಕುತ್ತ ನಿಂತರು. ಮಧುಸೂದನರು ಶಸ್ತ್ರವನ್ನು ಕೈಗೆತ್ತಿಕೊಂಡು, ಸ್ಥಿರವಾದ ಕೈಯಿಂದ ಛೇದನ ಮಾಡಿದರು. ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದವರು ಆಗ ನಿಟ್ಟುಸಿರು ಬಿಟ್ಟರು. ಉಮಾಚರಣ ಸೇಟ್, ರಾಜಕೃಷ್ಣ ಡೇ, ದ್ವಾರಕಾನಾಥ ಗುಪ್ತ, ನವೀನಚಂದ್ರ ಮಿತ್ರ ಮೊದಲಾದ ತರುಣ ವಿದ್ಯಾರ್ಥಿಗಳು ಅವರ ದಾರಿಯನ್ನು ಹಿಡಿದರು. ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿ ಈ ಘಟನೆಯನ್ನು ಗೌರವಿಸಿದರೆಂಬ ಮಾತೂ ಬಂಗಾಳದಲ್ಲಿ ಪ್ರಚಲಿತವಾಗಿದೆ. ತೋಪಿನ ಸದ್ದಿಗಿಂತ ಅಂಕಿಗಳು ನನಗೆ ಹೆಚ್ಚು ಮಾತನಾಡುತ್ತವೆ. 1837ರಲ್ಲಿ ಆ ಕಾಲೇಜಿನಲ್ಲಿ 60 ಶವಗಳ ಛೇದನ ನಡೆಯಿತು. ಮರುವರ್ಷ ಅದು ಇಮ್ಮಡಿಯಾಯಿತು. 1844ರ ಹೊತ್ತಿಗೆ 500ನ್ನು ದಾಟಿತ್ತು. ಒಬ್ಬರು ಇಟ್ಟ ಹೆಜ್ಜೆ ಎಂಟೇ ವರ್ಷಗಳಲ್ಲಿ ರಾಜಮಾರ್ಗವಾಯಿತು.

ಮಧುಸೂದನ ಗುಪ್ತರನ್ನು ಲೋಕ ನೆನೆಯುವುದು ಆ ಒಂದು ದಿನಕ್ಕಾಗಿ. ಉಪಾಧ್ಯಾಯನಾಗಿ ಬಾಳಿದ ನಾನು ಅವರಿಗೆ ತಲೆಬಾಗುವುದು ಅದರ ನಂತರದ ಇಪ್ಪತ್ತು ವರ್ಷಗಳಿಗಾಗಿ. ಅವರು ಅಧ್ಯಾಪಕರಾಗಿದ್ದರೂ ಪಾಶ್ಚಾತ್ಯ ವೈದ್ಯಕದ ಪದವಿ ಅವರಿಗಿರಲಿಲ್ಲ. ಆ ಕೊರತೆಯನ್ನು ಮುಚ್ಚಿಡದೆ, ತಮ್ಮ ಶಿಷ್ಯರ ವಯಸ್ಸಿನವರು ಬರೆಯುವ ಪರೀಕ್ಷೆಗೆ ತಾವೂ ಕುಳಿತು, 1840ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಉತ್ತೀರ್ಣರಾದರು. ಅಧ್ಯಾಪಕನೊಬ್ಬ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ವೃತ್ತಿಯವರು ಬಲ್ಲರು.

ಕಲಿತುದನ್ನು ಅವರು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಹೂಪರನ ಅಂಗರಚನಾಶಾಸ್ತ್ರದ ಕೈಪಿಡಿಯನ್ನು ಸಂಸ್ಕೃತಕ್ಕೂ, ಲಂಡನ್ ಔಷಧಕೋಶವನ್ನು ಬಂಗಾಳಿಗೂ ಅನುವಾದಿಸಿದರು. ಹಿಂದುಸ್ತಾನಿ ಭಾಷೆಯಲ್ಲಿ ವೈದ್ಯಕ ಕಲಿಸುವ ತರಗತಿಯ ಮೇಲ್ವಿಚಾರಣೆಯನ್ನು ವಹಿಸಿದರು. 1852ರಲ್ಲಿ ಬಂಗಾಳಿ ಮಾಧ್ಯಮದ ತರಗತಿ ಆರಂಭವಾದಾಗ ಅದರ ಹೊಣೆಯೂ ಅವರದೇ ಆಯಿತು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನೂ ದೇಹದ ರಚನೆಯನ್ನು ತನ್ನ ನುಡಿಯಲ್ಲಿಯೇ ಕಲಿತು ರೋಗಿಯ ಬಳಿಗೆ ಹೋಗಲು ಈ ತರಗತಿಗಳು ದಾರಿ ಮಾಡಿಕೊಟ್ಟವು. ನಮ್ಮ ಸೀಮೆಯನ್ನಾಳಿದ ಹೈದರಾಬಾದ್ ಸಂಸ್ಥಾನದಲ್ಲಿಯೂ 1846ರಲ್ಲಿ ವೈದ್ಯಶಾಲೆ ತೆರೆದಾಗ ಪಾಠ ನಡೆದದ್ದು ಉರ್ದುವಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಬೆಥೂನರು ಮಧುಸೂದನರ ಭಾವಚಿತ್ರವನ್ನು ಬರೆಯಿಸಿ ಮೆಡಿಕಲ್ ಕಾಲೇಜಿಗೆ ಅರ್ಪಿಸಿದರು. ಕೊನೆಯ ವರ್ಷಗಳಲ್ಲಿ ಮಧುಮೇಹ ಅವರನ್ನು ಬಾಧಿಸಿತು. ಆ ರೋಗದಿಂದಲೇ ನಂಜೇರಿ, 1856ರ ನವೆಂಬರ್ 15ರಂದು ಅವರು ಕಾಲವಾದರು.

ಅದೇ ತಿಂಗಳ ಮೊದಲ ದಿನ, ಸರಿಯಾಗಿ ನೂರು ವರ್ಷಗಳ ನಂತರ, ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಮಕ್ಕಳು ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಒಂದು ನುಡಿ, ಮೇಲಿನ ವ್ಯಾಸಂಗಕ್ಕೆ ಮತ್ತೊಂದು ನುಡಿ ಎಂದು ಹೊಂದಿಕೊಂಡು ಬೆಳೆದಿದ್ದಾರೆ. 2024ರಲ್ಲಿ ಗದ್ವಾಲಿನಲ್ಲಿಯೂ ನಾರಾಯಣಪೇಟೆಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾಗಿವೆ. ನಮ್ಮ ಮನೆಯಂಗಳದಲ್ಲಿಯೇ ಈಗ ಶವಚ್ಛೇದನದ ಮೇಜು ಬಂದಿದೆ. ಮುಂದೆ ನಮ್ಮ ಶಾಲೆಯ ಯಾವ ಹುಡುಗನಾಗಲಿ ಹುಡುಗಿಯಾಗಲಿ ಅದರ ಮುಂದೆ ನಿಂತು ಕೈ ನಡುಗಿದರೆ, ಸಂಸ್ಕೃತ ಪಾಠ ಹೇಳುತ್ತಿದ್ದ ಪಂಡಿತರೊಬ್ಬರು ಅದಕ್ಕಿಂತ ಹೆಚ್ಚಿನ ಭಯವನ್ನು ದಾಟಿ ಹೋದರೆಂಬುದನ್ನು ನೆನೆಯಲಿ. ಪರಭಾಷೆಯ ಪದಗಳು ಕಷ್ಟವೆನಿಸಿದರೆ, ಅವರು ನಲವತ್ತರಲ್ಲಿ ಪರೀಕ್ಷೆಗೆ ಕುಳಿತುದನ್ನು ನೆನೆಯಲಿ. ಆ ಮೇಜಿನ ಮೇಲೆ ಮಲಗಿರುವ ದೇಹವೂ ಒಬ್ಬ ಗುರುವೇ ಎಂದು ತಿಳಿದು, ಮನಸ್ಸಿನಲ್ಲಿಯೇ ಒಮ್ಮೆ ಕೈಮುಗಿದು ಪಾಠವನ್ನು ಆರಂಭಿಸಲಿ.

ಮನೆಯ ಹಿರಿಯರಲ್ಲಿಯೂ ನನ್ನದೊಂದು ವಿನಂತಿ. ಆ ಮಕ್ಕಳು ಸಂಜೆ ಮನೆಗೆ ಬಂದಾಗ ಸ್ನಾನಕ್ಕೆ ಬಿಸಿನೀರು ಕೊಡಿ, ಆದರೆ ಮುಖ ತಿರುಗಿಸಬೇಡಿ. ಅಂದು ನನ್ನ ಮನೆಯ ಬಾಗಿಲಿಗೆ ಬಂದು ನಿಂತ ಹುಡುಗನಿಗೆ ನಾನು ಹೇಳಲಾಗದೆ ಹೋದ ಮಾತು ಇಷ್ಟೇ.